ನಾಯಿಯ ತುರಿಕೆ: ಕೇಸ್ ಶೀಟಿನಲ್ಲಿ ‘ಅಲರ್ಜಿ’ ಅಂತ ಬರೆಯುವ ಮುಂಚೆ

ಬೀದರಿನಲ್ಲಿ ಪಶುವೈದ್ಯಕೀಯ ಓದುತ್ತಿರುವ ಜೂನಿಯರ್‌ಗಳಿಗಾಗಿ ಈ ಟಿಪ್ಪಣಿ. ಕ್ಲಿನಿಕ್ ಪೋಸ್ಟಿಂಗ್ ಶುರುವಾದ ಮೊದಲ ವಾರವೇ ಈ ಮಾತು ನಿಮ್ಮ ಕಿವಿಗೆ ಬೀಳುತ್ತದೆ: “ನಾಯಿ ಭಾಳ ತುರಿಸ್ಕೋತದ್ರಿ, ಒಂದು ಸೂಜಿ ಮಾಡಿಬಿಡ್ರಿ.” ಅವರು ಕೇಳುವುದು ಸ್ಟೀರಾಯ್ಡ್ ಇಂಜೆಕ್ಷನ್. ಹಿಂದೆ ಎಲ್ಲೋ ಒಮ್ಮೆ ಮಾಡಿಸಿರುತ್ತಾರೆ, ಎರಡೇ ದಿನಕ್ಕೆ ನಾಯಿ ಆರಾಮಾಗಿ ಮಲಗಿರುತ್ತದೆ. ಮೂರ್ನಾಲ್ಕು ವಾರಕ್ಕೆ ತುರಿಕೆ ವಾಪಸ್. ಮತ್ತೆ ಸೂಜಿ.

ಸ್ಟೀರಾಯ್ಡ್ ಕೆಟ್ಟ ಔಷಧ ಅಂತ ನಾನು ಹೇಳುತ್ತಿಲ್ಲ. ಆದರೆ ಅದು ಬಹುತೇಕ ಎಲ್ಲ ತುರಿಕೆಯನ್ನೂ ಸ್ವಲ್ಪ ದಿನ ಅಡಗಿಸುತ್ತದೆ. ಹಾಗಾಗಿ ಒಳಗಿನ ಕಾರಣ ನಮ್ಮ ಕಣ್ಣಿಗೆ ಕಾಣದಂತಾಗುತ್ತದೆ. ಹುಮನಾಬಾದ್ ಕಡೆಯಿಂದ ಬಂದಿದ್ದ ಒಂದು ನಾಯಿಗೆ ವರ್ಷದ ಮೇಲೆ ತಿಂಗಳಿಗೊಂದು ಸೂಜಿ ಬಿದ್ದಿತ್ತು. ಹೊಟ್ಟೆ ಜೋಲು ಬಿದ್ದಿತ್ತು, ಕೂದಲು ಉದುರಿತ್ತು, ಬಕೆಟ್ಟುಗಟ್ಟಲೆ ನೀರು ಕುಡಿಯುತ್ತಿತ್ತು. ಚರ್ಮ ಹಿಂಡಿ ಕೆರೆದು ಸ್ಲೈಡ್ ನೋಡಿದಾಗ ತುಂಬಾ ಡೆಮೊಡೆಕ್ಸ್ ನುಸಿ. ಡೆಮೊಡೆಕ್ಸ್ ಇದ್ದ ನಾಯಿಗೆ ಸ್ಟೀರಾಯ್ಡ್ ಕೊಟ್ಟರೆ ರೋಗ ಹೆಚ್ಚುತ್ತದೆ, ಯಾಕೆಂದರೆ ನುಸಿಯನ್ನು ಹಿಡಿತದಲ್ಲಿಡುವ ರೋಗನಿರೋಧಕ ಶಕ್ತಿಯೇ ಕುಗ್ಗುತ್ತದೆ. ಒಂದು ಬ್ಲೇಡು, ಒಂದು ಹನಿ ಎಣ್ಣೆ, ಒಂದು ಸ್ಲೈಡು. ಇಷ್ಟನ್ನು ಮೊದಲ ದಿನವೇ ಮಾಡಿದ್ದರೆ ಆ ನಾಯಿಯ ಒಂದು ವರ್ಷ ಉಳಿಯುತ್ತಿತ್ತು.

ಅದಕ್ಕೇ ಹೇಳುತ್ತೇನೆ, ಈ ವಿಷಯದಲ್ಲಿ ಔಷಧದ ಹೆಸರುಗಳಿಗಿಂತ ಕ್ರಮ ಮುಖ್ಯ. ಮೊದಲು ಹುಳುಹುಪ್ಪಟೆ, ಆಮೇಲೆ ಸೋಂಕು, ಆಮೇಲೆ ಆಹಾರ. ಕೊನೆಗೆ ಉಳಿಯುವುದು ಅಟೋಪಿ, ಅಂದರೆ ಧೂಳಿನ ನುಸಿ, ಪರಾಗದಂಥ ಪರಿಸರದ ಅಲರ್ಜಿ.

ಚಿಗಟ ಕಾಣಲಿಲ್ಲ ಅಂದರೆ ಇಲ್ಲ ಅಂತಲ್ಲ

ಚಿಗಟದ ಅಲರ್ಜಿ ಇರುವ ನಾಯಿ ಮೈಯನ್ನು ಸದಾ ಕಚ್ಚಿ ನೆಕ್ಕಿಕೊಳ್ಳುತ್ತಿರುತ್ತದೆ. ಆಗ ಚಿಗಟಗಳನ್ನು ತಾನೇ ನುಂಗಿಬಿಡುತ್ತದೆ. ಹಾಗಾಗಿ ನಮಗೆ ಒಂದೂ ಸಿಗದಿರಬಹುದು. ಹಿಕ್ಕೆ ಹುಡುಕಿ. ಬಾಲದ ಬುಡದಲ್ಲಿ ಕೂದಲನ್ನು ಹಿಮ್ಮುಖವಾಗಿ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಹಾಕಿ. ಅರ್ಧ ನಿಮಿಷ ಕಾಯಿರಿ. ಬರೀ ಮಣ್ಣಾದರೆ ಹಾಗೇ ಇರುತ್ತದೆ. ಚಿಗಟದ ಹಿಕ್ಕೆಯಾದರೆ ಪ್ರತಿ ಚುಕ್ಕಿಯ ಸುತ್ತ ತುಕ್ಕಿನ ಬಣ್ಣ ನಿಧಾನಕ್ಕೆ ಹರಡುತ್ತದೆ, ಯಾಕೆಂದರೆ ಅದು ಜೀರ್ಣವಾದ ರಕ್ತ. ಇದನ್ನು ಮಾಲೀಕರ ಎದುರೇ ಮಾಡಿ ತೋರಿಸಿ. “ನಮ್ಮನ್ಯಾಗ ಚಿಗಟ ಇಲ್ರಿ” ಅಂದವರೂ ಆ ಕೆಂಪು ನೋಡಿದ ಮೇಲೆ ನಾವು ಹೇಳಿದ್ದನ್ನು ಗಮನವಿಟ್ಟು ಕೇಳುತ್ತಾರೆ.

ತುರಿಕೆ ಎಲ್ಲಿದೆ ನೋಡಿ. ಸೊಂಟದ ಮೇಲೆ, ಬಾಲದ ಬುಡ, ಹಿಂದೊಡೆ ಆದರೆ ಮೊದಲ ಅನುಮಾನ ಚಿಗಟದ ಮೇಲೆ.

ನಾಯಿಯ ಮೈಮೇಲೆ ಇರುವುದು ದೊಡ್ಡ ಚಿಗಟಗಳು ಮಾತ್ರ. ಮೊಟ್ಟೆ, ಮರಿಹುಳು, ಗೂಡು ಎಲ್ಲ ಮನೆಯಲ್ಲಿ. ನಮ್ಮ ಕಡೆ ಶಹಾಬಾದ್ ಕಲ್ಲಿನ ನೆಲ ಜಾಸ್ತಿ ಅಲ್ವಾ, ಆ ಕಲ್ಲುಗಳ ನಡುವಿನ ಸಂದು, ನಾಯಿ ಮಲಗುವ ಗೋಣಿತಟ್ಟು, ಮಂಚದ ಕೆಳಗಿನ ಧೂಳು, ಇವೇ ಅವುಗಳ ಮನೆ. ಮರಿಹುಳುವಿಗೆ ತೇವ ಬೇಕು. ಕಲಬುರಗಿಯ ಮೇ ತಿಂಗಳ ಒಣ ಬಿಸಿಲಿನಲ್ಲಿ, ಬಯಲಿನಲ್ಲಿ ಅದು ಬದುಕುವುದು ಕಷ್ಟ. ಆದರೆ ಕೂಲರ್ ಓಡುವ ಕೋಣೆಯಲ್ಲಿ ತಂಪೂ ಇದೆ, ತೇವವೂ ಇದೆ. ಹಾಗಾಗಿ ಬೇಸಿಗೆ ಅಂತ ಚಿಗಟದ ಔಷಧ ನಿಲ್ಲಿಸುವುದು ಸರಿಯಲ್ಲ. ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಅದಕ್ಕೇ ಕನಿಷ್ಠ 3 ತಿಂಗಳು, ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಒಟ್ಟಿಗೆ ಔಷಧ ಬೇಕು. ಒಂದು ಎಚ್ಚರಿಕೆ: ನಾಯಿಗೆ ಬಳಸುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಚಿಗಟದ ಔಷಧಗಳಲ್ಲಿ ಅಫಾಕ್ಸೊಲೇನರ್ ತಿಂಗಳಿಗೊಂದು ಮಾತ್ರೆ, ಫ್ಲೂರಲೇನರ್ ಸುಮಾರು 12 ವಾರ ಕೆಲಸ ಮಾಡುತ್ತದೆ. ಈ ಗುಂಪಿನ ಔಷಧಗಳು ಉಣ್ಣೆಗೂ, ಸಾರ್ಕಾಪ್ಟಿಸ್ ಮತ್ತು ಡೆಮೊಡೆಕ್ಸ್ ನುಸಿಗಳಿಗೂ ನಡೆಯುತ್ತವೆ. ಫಿಟ್ಸ್ ಬಂದ ಇತಿಹಾಸ ಇದೆಯಾ ಅಂತ ಕೇಳದೆ ಮಾತ್ರ ಬರೆಯಬೇಡಿ.

ಕಜ್ಜಿ, ನನ್ನ ಕೈಗೂ ಬಂದಿದ್ದು

ಸಾರ್ಕಾಪ್ಟಿಸ್ ನುಸಿಯ ಕಜ್ಜಿ ಹಿಡಿಯುವುದು ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಗೆಣ್ಣು, ಹೊಟ್ಟೆಯ ಕೆಳಭಾಗ. ತುರಿಕೆ ವಿಪರೀತ, ರಾತ್ರಿಯಿಡೀ ನಾಯಿಗೆ ನಿದ್ದೆಯಿಲ್ಲ. ಕಿವಿಯ ಅಂಚನ್ನು ಎರಡು ಬೆರಳಿನ ನಡುವೆ ಹಿಡಿದು ಉಜ್ಜಿ. ಆ ಕಡೆಯ ಹಿಂಗಾಲು ತಾನಾಗೇ ಗಾಳಿಯಲ್ಲಿ ಕೆರೆಯತೊಡಗಿದರೆ ಅನುಮಾನ ಗಟ್ಟಿ.

ನಾನು ಒಂದು ಕೇಸಿನಲ್ಲಿ ಸ್ಕ್ರೇಪಿಂಗ್ (ಚರ್ಮ ಕೆರೆದು ಸ್ಲೈಡಿನಲ್ಲಿ ನೋಡುವುದು) ನೆಗೆಟಿವ್ ಬಂತು ಅಂತ ಕಜ್ಜಿಯನ್ನು ಕೈಬಿಟ್ಟೆ. ಕೆಲವು ದಿನಕ್ಕೆ ನನ್ನ ಮುಂಗೈ ಮೇಲೆ ಸಣ್ಣ ಕೆಂಪು ಗುಳ್ಳೆ. ಆ ಮನೆಯ ಅಜ್ಜಿಗೂ ಹೊಟ್ಟೆಯ ಹತ್ತಿರ ಅದೇ ಗುಳ್ಳೆ. ಈ ನುಸಿ ಸ್ಕ್ರೇಪಿಂಗಿನಲ್ಲಿ ಎಷ್ಟೋ ಸಲ ಸಿಗುವುದೇ ಇಲ್ಲ. ಸಿಗದಿದ್ದರೂ ಅನುಮಾನವಿದ್ದರೆ ಚಿಕಿತ್ಸೆ ಕೊಟ್ಟು ನೋಡುವುದೇ ಸರಿಯಾದ ದಾರಿ. ಅಂದಿನಿಂದ ನಾನು ಪ್ರತಿ ಮಾಲೀಕರನ್ನೂ ಕೇಳುತ್ತೇನೆ: “ಮನೆಯಲ್ಲಿ ಮತ್ಯಾರಿಗಾದರೂ ತುರಿಕೆ ಇದೆಯಾ?”

ಸುಟ್ಟ ಇಂಜಿನ್ ಆಯಿಲ್ ಹಚ್ಚಿಕೊಂಡು ಬರುವ ನಾಯಿಗಳನ್ನೂ ನೋಡುತ್ತೀರಿ. ಬೈಯಬೇಡಿ, ಅವರು ಕಾಳಜಿಯಿಂದಲೇ ಹಚ್ಚಿರುತ್ತಾರೆ. ಆದರೆ ನಾಯಿ ಅದನ್ನು ನೆಕ್ಕುತ್ತದೆ, ಹೊಟ್ಟೆಗೆ ವಿಷ ಹೋಗುತ್ತದೆ, ಚರ್ಮವೂ ಸುಡುತ್ತದೆ ಅಂತ ಬಿಡಿಸಿ ಹೇಳಿ.

ಸೋಂಕು

ಅಲರ್ಜಿಯ ಚರ್ಮ ಬಿರುಕುಬಿಟ್ಟ ಗೋಡೆಯ ಹಾಗೆ. ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಸುಲಭವಾಗಿ ಬೆಳೆಯುತ್ತವೆ. ನಾಯಿಗಳಲ್ಲಿ ಸಾಮಾನ್ಯವಾಗಿ ಸಿಗುವ ಬ್ಯಾಕ್ಟೀರಿಯಾ ಸ್ಟೆಫಿಲೊಕಾಕಸ್ ಸೂಡಿಂಟರ್ಮೀಡಿಯಸ್: ಕೀವಿನ ಗುಳ್ಳೆ, ಒಡೆದ ಮೇಲೆ ಸುತ್ತ ಸಿಪ್ಪೆಯೇಳುವ ಉಂಗುರ. ಯೀಸ್ಟ್ ಅಂದರೆ ಮಲಸೀಜಿಯಾ: ಜಿಡ್ಡು, ಹುಳಿ ವಾಸನೆ, ಕಪ್ಪಾಗಿ ದಪ್ಪಗಾದ ಆನೆ ಚರ್ಮದಂಥ ಮಡಿಕೆ. ಸೆಲ್ಲೋಟೇಪನ್ನು ಚರ್ಮಕ್ಕೆ ಒತ್ತಿ, ನೀಲಿ ಸ್ಟೇನ್ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಡಲೆಕಾಯಿ ಆಕಾರದ ಮಲಸೀಜಿಯಾ ಕಾಣುತ್ತದೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಇದಕ್ಕೆ ಶಾಂಪೂವೇ ಅರ್ಧ ಚಿಕಿತ್ಸೆ. ಕ್ಲೋರ್‌ಹೆಕ್ಸಿಡಿನ್, ಯೀಸ್ಟ್ ಇದ್ದರೆ ಜೊತೆಗೆ ಮೈಕೊನಜೋಲ್ ಅಥವಾ ಕೀಟೊಕೊನಜೋಲ್ ಇರುವುದು. ನೊರೆ ಬಂದ ಮೇಲೆ 10 ನಿಮಿಷ ಮೈಮೇಲೆ ಬಿಡಬೇಕು. ಹೆಚ್ಚಿನವರು ಹಾಕಿದ ತಕ್ಷಣ ತೊಳೆಯುತ್ತಾರೆ, ಆಮೇಲೆ “ಶಾಂಪೂ ಉಪಯೋಗ ಆಗಲಿಲ್ರಿ” ಅನ್ನುತ್ತಾರೆ. ಬಿಸಿನೀರು ಬೇಡ, ಅದರಿಂದ ತುರಿಕೆ ಹೆಚ್ಚುತ್ತದೆ. ಬೇಸಿಗೆಯಲ್ಲಿ ಸಿಂಟೆಕ್ಸ್ ಟ್ಯಾಂಕಿನ ನೀರು ಮಧ್ಯಾಹ್ನಕ್ಕೆ ಎಷ್ಟು ಕಾಯುತ್ತದೆ ಗೊತ್ತಲ್ಲ, ಸ್ನಾನ ಬೆಳಗ್ಗೆಯೇ ಆಗಲಿ. ಮನುಷ್ಯರ ಸೋಪು, ಶಾಂಪೂ ಬೇಡ.

ಸೋಂಕು ಯಾಕೆ ಇಷ್ಟು ಮುಖ್ಯ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಇದು ತಿಳಿಯಲಿ ಅಂತ ನಾನೇ ಮಾಡಿಕೊಂಡದ್ದು. ಒಂದು ನಾಯಿ 10ರ ತನಕ ತಡೆದುಕೊಳ್ಳುತ್ತದೆ, ಅದು ದಾಟಿದರೆ ತುರಿಸುತ್ತದೆ ಅಂತಿಟ್ಟುಕೊಳ್ಳಿ. ಧೂಳಿನ ನುಸಿಯಿಂದ 6, ಚಿಗಟದಿಂದ 3, ಯೀಸ್ಟಿನಿಂದ 3. ಒಟ್ಟು 12. ಧೂಳಿನ ನುಸಿಯನ್ನು ಮನೆಯಿಂದ ಪೂರ್ತಿ ಓಡಿಸಲು ಆಗುವುದಿಲ್ಲ. ಆದರೆ ಚಿಗಟ ಮತ್ತು ಯೀಸ್ಟ್ ತೆಗೆದರೆ 6ಕ್ಕೆ ಬಂತು. ಅಲರ್ಜಿ ಹಾಗೇ ಇದೆ, ನಾಯಿ ಮಾತ್ರ ತುರಿಸುತ್ತಿಲ್ಲ.

ಆಹಾರ: 8 ವಾರದ ಪರೀಕ್ಷೆ

ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ನಾವು ಸೋಲುವುದು ಹೆಚ್ಚಾಗಿ ಇಲ್ಲೇ.

ಆಹಾರದ ಅಲರ್ಜಿಗೆ ರಕ್ತ, ಕೂದಲು, ಜೊಲ್ಲಿನ ಪರೀಕ್ಷೆಗಳನ್ನು ಮಾರುತ್ತಾರೆ. ಅವುಗಳ ಮೇಲೆ ಭರವಸೆ ಇಡುವಂತಿಲ್ಲ. ಇರುವ ಒಂದೇ ದಾರಿ ಪಥ್ಯ. ನಾಯಿ ಹಿಂದೆಂದೂ ತಿನ್ನದ ಒಂದು ಪ್ರೋಟೀನು, ಒಂದು ಪಿಷ್ಟ. ಇಲ್ಲವೇ ಹೈಡ್ರೊಲೈಸ್ಡ್ ಆಹಾರ, ಅಂದರೆ ಪ್ರೋಟೀನನ್ನು ದೇಹ ಗುರುತಿಸದಷ್ಟು ಸಣ್ಣ ತುಂಡು ಮಾಡಿದ್ದು. ಆಹಾರದ ಅಲರ್ಜಿ ಇರುವ ನಾಯಿಗಳಲ್ಲಿ 90%ಕ್ಕಿಂತ ಹೆಚ್ಚಿನವು 8 ವಾರದೊಳಗೆ ಸುಧಾರಿಸುತ್ತವೆ. ಎರಡು ವಾರಕ್ಕೆ “ಏನೂ ಆಗಲಿಲ್ಲ” ಅಂತ ಬಿಟ್ಟರೆ ಪರೀಕ್ಷೆ ಆಗಲೇ ಇಲ್ಲ ಅಂತ ಅರ್ಥ. ಹೆಚ್ಚಾಗಿ ತೊಂದರೆ ಕೊಡುವುದು ದನದ ಮಾಂಸ, ಹಾಲು, ಕೋಳಿ, ಗೋಧಿ.

ಬೀದರಿನ ಗುಂಪಾ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಎರಡು ವರ್ಷದ ಲ್ಯಾಬ್ರಡಾರ್ ಕೇಸು ಹೇಳುತ್ತೇನೆ. ಊಟ ಏನು ಅಂತ ಕೇಳಿದೆ. “ರೊಟ್ಟಿ, ಹಾಲು, ವಾರಕ್ಕೆರಡು ಸಲ ಚಿಕನ್ ಕಾಲು, ಅಷ್ಟೇರಿ.” ಮತ್ತೆ ಮತ್ತೆ ಕೇಳಿದಾಗ ಉಳಿದದ್ದು ಹೊರಬಂತು: ಸಂಜೆ ಚಹಾದ ಜೊತೆ ಬಿಸ್ಕತ್ತು, ಮೊಮ್ಮಗಳ ತಟ್ಟೆಯಲ್ಲಿ ಉಳಿದ ಮೊಸರನ್ನ, ಜಂತುಹುಳುವಿನ ಮಾತ್ರೆ ನುಂಗಿಸಲು ಬೆಣ್ಣೆ. “ಏನು ತಿನ್ನುತ್ತದೆ” ಅಂತ ಕೇಳಿದರೆ ಸಾಲದು. “ನೆನ್ನೆ ಬೆಳಗ್ಗೆಯಿಂದ ರಾತ್ರಿ ತನಕ ಬಾಯಿಗೆ ಏನೇನು ಹೋಯಿತು” ಅಂತ ಕೇಳಿ.

ಆ ನಾಯಿ ಮೀನು ತಿಂದಿರಲಿಲ್ಲ, ಆಲೂಗಡ್ಡೆಯನ್ನೂ ತಿಂದಿರಲಿಲ್ಲ. ಮುಳ್ಳು ತೆಗೆದ ಬೇಯಿಸಿದ ಮೀನು ಮತ್ತು ಆಲೂಗಡ್ಡೆ, ಉಪ್ಪು ಖಾರ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಮನೆಯಲ್ಲಿ ಮಾಡುವ ಈ ಪಥ್ಯ ಸಮತೋಲನದ್ದಲ್ಲ, ಪರೀಕ್ಷೆಯ ಅವಧಿಗೆ ಮಾತ್ರ. ಬೆಳೆಯುವ ಮರಿಗೆ ಇದು ಬೇಡ. ಮಾಂಸದ ರುಚಿ ಸೇರಿಸಿದ ಅಗಿಯುವ ಮಾತ್ರೆಗಳನ್ನೂ ಬದಲಿಸಿದೆವು. ಚಿಗಟಕ್ಕೆ ಬೆನ್ನ ಮೇಲೆ ಹಾಕುವ ಹನಿ ಔಷಧ ಕೊಟ್ಟೆವು.

ಉಳಿದದ್ದು ಅಟೋಪಿ

ಮೇಲಿನದೆಲ್ಲ ಸೋಸಿದ ಮೇಲೂ ತುರಿಕೆ ಉಳಿದರೆ ಅಟೋಪಿ. ಸಾಮಾನ್ಯವಾಗಿ 6 ತಿಂಗಳಿನಿಂದ 3 ವರ್ಷದೊಳಗೆ ಶುರು. 2010ರಲ್ಲಿ ಪಶು ಚರ್ಮರೋಗ ತಜ್ಞ ಫಾವ್ರೊ ಮತ್ತು ಜೊತೆಗಾರರು ಕೊಟ್ಟ ಲಕ್ಷಣಗಳು ನೆನಪಿರಲಿ: 3 ವರ್ಷದೊಳಗೆ ಶುರುವಾಗಿರುವುದು, ಹೆಚ್ಚಾಗಿ ಮನೆಯೊಳಗೇ ಇರುವ ನಾಯಿ, ಸ್ಟೀರಾಯ್ಡಿಗೆ ತುರಿಕೆ ತಗ್ಗುವುದು, ಮೊದಲು ಗಾಯವಿಲ್ಲದೆ ಬರೀ ತುರಿಕೆ, ಮುಂಗಾಲಿನ ಪಾದ ಮತ್ತು ಕಿವಿಹಾಳೆಗೆ ತೊಂದರೆ. ಆದರೆ ಕಿವಿಯ ಅಂಚು ಮತ್ತು ಸೊಂಟದ ಮೇಲ್ಭಾಗ ಚೆನ್ನಾಗಿರಬೇಕು. ಯಾಕೆ? ಅಂಚು ಕೆಟ್ಟಿದ್ದರೆ ಕಜ್ಜಿ, ಸೊಂಟ ಕೆಟ್ಟಿದ್ದರೆ ಚಿಗಟ ನೆನಪಾಗಬೇಕು. ಇಷ್ಟು ಅರ್ಥವಾದರೆ ಪಟ್ಟಿಯನ್ನು ಬಾಯಿಪಾಠ ಮಾಡಬೇಕಿಲ್ಲ. ಈ ಲಕ್ಷಣಗಳು ಸುಳಿವು ಮಾತ್ರ. ಮೇಲಿನ ಸೋಸುವಿಕೆ ತಪ್ಪಿಸುವಂತಿಲ್ಲ.

ಅಟೋಪಿ ವಾಸಿಯಾಗುವುದಿಲ್ಲ, ಹತೋಟಿಗೆ ಬರುತ್ತದೆ. ಇದನ್ನು ಮಾಲೀಕರಿಗೆ ಮೊದಲ ದಿನವೇ ಹೇಳಿ. ತುರಿಕೆ ತಗ್ಗಿಸುವ ಮಾತ್ರೆ ಒಕ್ಲಾಸಿಟಿನಿಬ್ ಬೇಗ ಕೆಲಸ ಮಾಡುತ್ತದೆ, 12 ತಿಂಗಳೊಳಗಿನ ನಾಯಿಗೆ ಬೇಡ. ಲೊಕಿವೆಟ್ಮ್ಯಾಬ್, ತುರಿಕೆಯ ಸಂದೇಶ ಒಯ್ಯುವ ಇಂಟರ್‌ಲ್ಯೂಕಿನ್-31 ಅನ್ನು ಹಿಡಿದುಕೊಳ್ಳುವ ಇಂಜೆಕ್ಷನ್, 4ರಿಂದ 8 ವಾರ ನಡೆಯುತ್ತದೆ. ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಸೈಕ್ಲೊಸ್ಪೊರಿನ್ ಪೂರ್ತಿ ಕೆಲಸ ತೋರಿಸಲು 4ರಿಂದ 6 ವಾರ ಬೇಕು. ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಅಗ್ಗ. ಬೇರೆಯದಕ್ಕೆ ಹಣವಿಲ್ಲದ ಮನೆಗೆ, ಕಡಿಮೆ ಡೋಸಿನಲ್ಲಿ, ಕಡಿಮೆ ದಿನ, ಮಾತ್ರೆಯಾಗಿ ಕೊಡಿ. ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುವ ಇಂಜೆಕ್ಷನ್ ಬೇಡ: ಮಾತ್ರೆಯನ್ನು ತಗ್ಗಿಸಬಹುದು, ಚುಚ್ಚಿದ್ದನ್ನು ವಾಪಸ್ ತೆಗೆಯಲು ಆಗುವುದಿಲ್ಲ. ಮನುಷ್ಯರ ಅಲರ್ಜಿ ಮಾತ್ರೆಗಳಿಂದ ನಾಯಿಗಳಿಗೆ ಸಿಗುವ ಲಾಭ ಸ್ವಲ್ಪವೇ. ಅಲರ್ಜಿಯ ವಸ್ತುವನ್ನೇ ಸ್ವಲ್ಪ ಸ್ವಲ್ಪ ಚುಚ್ಚಿ ಒಗ್ಗಿಸುವ ಚಿಕಿತ್ಸೆಯೂ ಇದೆ, ಅದಕ್ಕೆ ಒಂದು ವರ್ಷದ ತಾಳ್ಮೆ ಬೇಕು.

ತುರಿಕೆಯನ್ನು ಅಳೆಯಲು ಮಾಲೀಕರಿಗೆ 0ಯಿಂದ 10ರ ಅಂಕ ಕೊಡಲು ಹೇಳಿ. 0 ಅಂದರೆ ತುರಿಕೆಯಿಲ್ಲ, 10 ಅಂದರೆ ಊಟ, ನಿದ್ದೆ, ಆಟದ ನಡುವೆಯೂ ಬಿಡದ ತುರಿಕೆ. ಮೇಷ್ಟ್ರ ಮನೆಯಲ್ಲಿ ಆ ಕೆಲಸ ಮೊಮ್ಮಗಳದಾಯಿತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ಸಂಜೆ ಪೆನ್ಸಿಲ್ಲಿನಲ್ಲಿ ಒಂದು ಅಂಕಿ. ಶುರುವಿಗೆ 8. ಮೂರನೇ ವಾರದ ಒಂದು ದಿನ 5 ಇದ್ದದ್ದು 7 ಆಗಿತ್ತು, ಪಕ್ಕದಲ್ಲಿ ‘ಬಿಸ್ಕಿಟ್’ ಅಂತ ಅವಳೇ ಬರೆದಿದ್ದಳು. ಎಂಟನೇ ವಾರಕ್ಕೆ 3. ಆಮೇಲೆ ಹಳೆಯ ಊಟವನ್ನು ಒಂದೊಂದಾಗಿ ವಾಪಸ್ ಕೊಟ್ಟೆವು, ಒಂದೊಂದಕ್ಕೂ ಎರಡು ವಾರ. ಹಾಲಿಗೆ ಏನೂ ಆಗಲಿಲ್ಲ. ಚಿಕನ್ ಕೊಟ್ಟ ನಾಲ್ಕನೇ ದಿನ ಕ್ಯಾಲೆಂಡರಿನಲ್ಲಿ ಮತ್ತೆ 7. ನಿಲ್ಲಿಸಿದ ಮೇಲೆ ಇಳಿಯಿತು, ಆದರೆ 3ಕ್ಕಿಂತ ಕೆಳಗೆ ಬರಲಿಲ್ಲ. ಈಗಲೂ ಅದು ಮುಂಗಾಲು ನೆಕ್ಕುತ್ತದೆ. ಒಂದೇ ನಾಯಿಗೆ ಆಹಾರದ್ದು, ಪರಿಸರದ್ದು, ಎರಡೂ ಅಲರ್ಜಿ ಇರಬಹುದು. ಆ ಉಳಿದ 3ಕ್ಕಾಗಿ ವಾರಕ್ಕೊಂದು ಸ್ನಾನ, ಒಮೆಗಾ-3 ಎಣ್ಣೆ ನಡೆದಿದೆ. ಎಣ್ಣೆಯ ಗುಣ ಕಾಣಲು 8ರಿಂದ 12 ವಾರ ಬೇಕು, ಹಾಗಾಗಿ ಕ್ಯಾಲೆಂಡರಿನ ಮುಂದಿನ ಹಾಳೆಗಳಲ್ಲೂ ಅವಳು ಅಂಕಿ ಬರೆಯುತ್ತಿದ್ದಾಳೆ.