ನಾಲ್ಕು ಜನರ ಅಡುಗೆಯನ್ನು ನಲವತ್ತು ಜನಕ್ಕೆ ಮಾಡಿದರೆ ರುಚಿ ಯಾಕೆ ಬದಲಾಗುತ್ತದೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್ಲರೂ ಆಸೆಪಟ್ಟು ತಿನ್ನುವ ಒಂದು ಅಡುಗೆ ಇದೆ. ಮನೆಮಂದಿಗಷ್ಟೇ ಮಾಡಿದಾಗ ಚೆನ್ನಾಗಿರುತ್ತದೆ. ಹಬ್ಬಕ್ಕೆ ನೆಂಟರೆಲ್ಲ ಸೇರಿದಾಗ ಪ್ರತಿಯೊಂದನ್ನೂ ಲೆಕ್ಕ ಹಾಕಿ ಹತ್ತು ಪಟ್ಟು ಹಾಕಿದರೂ ಆ ರುಚಿ ಬರುವುದಿಲ್ಲ. ಯಾಕೆ?

ಸಾಮಾನು ಹತ್ತು ಪಟ್ಟಾಯಿತು, ಸರಿ. ಆದರೆ ಪಾತ್ರೆಯ ಬಾಯಿ ಹತ್ತು ಪಟ್ಟು ಅಗಲವಾಗಲಿಲ್ಲ, ಒಲೆಯ ಉರಿಯೂ ಅಷ್ಟು ಹೆಚ್ಚಲಿಲ್ಲ, ಅಲ್ವಾ? ಎಡವಟ್ಟು ಶುರುವಾಗುವುದು ಇಲ್ಲೇ.

ಮೊದಲು ನೀರು. ಪಾತ್ರೆಯ ಅಗಲ, ಎತ್ತರ ಎರಡೂ ದುಪ್ಪಟ್ಟಾದರೆ ಅದರಲ್ಲಿ 8 ಪಟ್ಟು ಅಡುಗೆ ಹಿಡಿಸುತ್ತದೆ, ಆವಿ ಹೋಗುವ ಮೇಲ್ಭಾಗ ಮಾತ್ರ 4 ಪಟ್ಟು. ನಿಮ್ಮ ಹಳೆಯ ಅಳತೆಯಲ್ಲಿ ಆವಿಯಾಗಿ ಹೋಗುವ ನೀರೂ ಸೇರಿತ್ತು. ಅದನ್ನೂ ಹತ್ತು ಪಟ್ಟು ಮಾಡಿದರೆ ಗ್ರೇವಿ ನೀರುನೀರಾಗುತ್ತದೆ, ಅದು ಇಂಗಲಿ ಅಂತ ಕುದಿಸುತ್ತಾ ಕೂತರೆ ತರಕಾರಿ ಕರಗಿಹೋಗುತ್ತದೆ. ಅಕ್ಕಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಒಂದು ಕಪ್ ಅಕ್ಕಿ ಹೀರಿಕೊಳ್ಳುವುದು ಸುಮಾರು ಒಂದೇ ಕಪ್ ನೀರು, ಉಳಿದದ್ದು ಆವಿಯ ಪಾಲು. ಹಾಗಾಗಿ ಒಂದಕ್ಕೆ ಎರಡರ ಲೆಕ್ಕದಲ್ಲಿ ಹತ್ತು ಕಪ್ಪಿಗೆ ಇಪ್ಪತ್ತು ಕಪ್ ಸುರಿದರೆ ಅನ್ನ ಮುದ್ದೆಯಾಗುತ್ತದೆ. ನೀರು ಕಡಿಮೆ ಹಾಕಿ ಶುರು ಮಾಡಿ. ಬೇಕಾದರೆ ಆಮೇಲೆ ಬಿಸಿನೀರು ಸೇರಿಸಬಹುದು.

ರುಚಿ ಜಾಸ್ತಿ ಕೈಕೊಡುವುದು ಹುರಿಯುವಾಗ. ಈರುಳ್ಳಿ ಚೆನ್ನಾಗಿ ಕೆಂಪಾಗಿ ಘಮ ಬರಬೇಕಾದರೆ ಅದರ ಮೈ 140 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯಬೇಕು. ನೀರಿನ ಪಸೆ ಇರುವ ತನಕ ಅದು 100 ಡಿಗ್ರಿಯಲ್ಲೇ ನಿಂತಿರುತ್ತದೆ. ಎರಡು ಕೆಜಿ ಈರುಳ್ಳಿಯನ್ನು ಒಂದೇ ಸಲ ಬಾಣಲೆಗೆ ಸುರಿದರೆ ಅದು ತಾನು ಬಿಟ್ಟ ನೀರಿನಲ್ಲೇ ಬೆಂದು ಮೆತ್ತಗಾಗುತ್ತದೆ, ನಾವೋ ಅವಸರದಲ್ಲಿ ಸಾಕು ಅಂತ ಮುಂದಿನ ಕೆಲಸಕ್ಕೆ ಹೋಗುತ್ತೇವೆ. ಆ ಅಡುಗೆಯ ಅರ್ಧ ರುಚಿ ಅಲ್ಲೇ ಹೋಯಿತು. ಸ್ವಲ್ಪ ಸ್ವಲ್ಪವಾಗಿ, ನಾಲ್ಕೈದು ಸಲ ಹುರಿಯಿರಿ. ಹಿಂದಿನ ದಿನವೇ ಹುರಿದು ಫ್ರಿಜ್‌ನಲ್ಲಿಟ್ಟರೂ ನಡೆಯುತ್ತದೆ. ಎಣ್ಣೆಯನ್ನು ಮಾತ್ರ ಹತ್ತು ಪಟ್ಟು ಹಾಕಬೇಡಿ, ಹುರಿಯಲು ಎಷ್ಟು ಬೇಕೋ ಅಷ್ಟು ಸಾಕು.

ಚಕ್ಕೆ, ಲವಂಗದಂಥವು ಹೆಚ್ಚು ಹೊತ್ತು ಕುದಿದಷ್ಟೂ ಜಾಸ್ತಿ ಸಾರ ಬಿಡುತ್ತವೆ, ಅವನ್ನು ಲೆಕ್ಕಕ್ಕಿಂತ ಕಡಿಮೆಯೇ ಹಾಕಿ. ಪುಡಿಗಳ ಘಮ ಕುದಿಯುತ್ತಾ ಹಾರಿಹೋಗುತ್ತದೆ, ಒಂದಿಷ್ಟನ್ನು ಕೊನೆಗೆ ಉಳಿಸಿಕೊಳ್ಳಿ. ಉಪ್ಪು ಮೊದಲು ಮುಕ್ಕಾಲು ಭಾಗ, ಉಳಿದದ್ದು ಹದಕ್ಕೆ ಬಂದ ಮೇಲೆ ರುಚಿ ನೋಡಿ.

ಇನ್ನೊಂದು, ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ. ಚಮಚದ ಲೆಕ್ಕ ಬಿಡಿ, ತೂಕ ಹಾಕಿ. ಮನೆಮಂದಿಗೆ ಮಾಡುವಾಗ ಚಮಚ ತುಸು ಗೋಪುರವಾಗಿದ್ದು, ಹತ್ತು ಪಟ್ಟು ಮಾಡುವಾಗ ಮಟ್ಟವಾಗಿ ಎಣಿಸಿದರೆ ಅಳತೆಯೇ ಬದಲಾಗಿ ರುಚಿ ಬೇರೆಯಾಗುತ್ತದೆ. ಅಡುಗೆ ಗೊತ್ತಿರುವ ಹಿರಿಯರು ಕೈ ಅಂದಾಜಿನಲ್ಲೇ ಹಾಕುವವರಾದರೆ, ಅವರು ಹಾಕುವ ಮುಂಚೆ ಪ್ರತಿಯೊಂದನ್ನೂ ತಕ್ಕಡಿಯ ಮೇಲಿಟ್ಟ ಬಟ್ಟಲಿಗೆ ಹಾಕಿಸಿ ಬರೆದುಕೊಳ್ಳಿ. ಈ ಕೆಲಸವನ್ನು ಮುಂದೂಡಬೇಡಿ. ಅಳತೆ ಅವರ ಕೈಯಲ್ಲಷ್ಟೇ ಇದೆ.

ಒಂದು ದೊಡ್ಡ ಪಾತ್ರೆಯ ಬದಲು ಎರಡು ಮೂರು ಮಧ್ಯಮ ಪಾತ್ರೆಗಳಲ್ಲಿ ಮಾಡಿ ಅನ್ನುತ್ತೇನೆ ನಾನು. ಬೇಗ ಕುದಿ ಬರುತ್ತದೆ, ತಳ ಹಿಡಿಯುವುದು ಕಡಿಮೆ. ದೊಡ್ಡ ಪಾತ್ರೆ ಒಲೆಯಿಂದ ಇಳಿಸಿದ ಮೇಲೂ ಬಿಸಿ ಹಿಡಿದುಕೊಂಡು ಒಳಗೊಳಗೇ ಬೇಯಿಸುತ್ತಾ ಇರುತ್ತದೆ. ಊಟವಾಗಿ ಮಿಕ್ಕ ಅಡುಗೆಗೂ ಅದೇ ತೊಂದರೆ, ಬೇಗ ಆರುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಕುದಿತದಲ್ಲೂ ಸಾಯುವುದಿಲ್ಲ, 5ರಿಂದ 60 ಡಿಗ್ರಿಯ ನಡುವೆ ಹೆಚ್ಚು ಹೊತ್ತು ಇದ್ದರೆ ಮತ್ತೆ ಬೆಳೆಯುತ್ತವೆ. ಪಾತ್ರೆ ಸಮೇತ ಫ್ರಿಜ್‌ಗೆ ಇಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಊಟವಾದ ಮೇಲೆ ಹರಟೆಗೆ ಕೂರುವ ಮುಂಚೆ, ಎರಡು ಗಂಟೆಯೊಳಗೆ, ಅಗಲವಾದ ತಗ್ಗು ಡಬ್ಬಿಗಳಿಗೆ ಹಂಚಿ ಒಳಗಿಡಿ. ಮರುದಿನ ಸುಮ್ನೆ ಬೆಚ್ಚಗೆ ಮಾಡಿದರೆ ಸಾಲದು, ನಡುವೆಯೂ ಹೊಗೆಯಾಡುವಷ್ಟು ಬಿಸಿ ಮಾಡಿ.