ತಾರಸಿ ಮೇಲಿನ ಕಾರ್ಡು: ಎಸಿ ರಿಪೇರಿ ಕಗ್ಗಂಟಾದ ಬಗೆ

"ಕಂಪ್ರೆಸರ್ ಚೆನ್ನಾಗಿದೆ, ಗ್ಯಾಸೂ ಇದೆ. ಕಾರ್ಡ್ ಹೋಗಿದೆ ಸಾರ್."

ಬಟ್ಟೆ ಅಂಗಡಿ, ಲ್ಯಾಬ್, ಹೋಟೆಲ್ ನಡೆಸುವವರಿಗೆ ಬೇಸಿಗೆ ಬಂತೆಂದರೆ ಎಸಿ ಮೆಕ್ಯಾನಿಕ್ಕಿನ ಈ ಮಾತು ಕೇಳಿ ಅಭ್ಯಾಸ. ಕಾರ್ಡ್ ಎಂದರೆ ಹೊರಗೆ ಇಡುವ ಔಟ್‌ಡೋರ್ ಯೂನಿಟ್ಟನ್ನು ನಡೆಸುವ ಮೈಕ್ರೊಪ್ರೊಸೆಸರ್ ಬೋರ್ಡು. ಅದು ನಿಜಕ್ಕೂ ಬೇಕಿತ್ತೇ, ಕೆಟ್ಟರೆ ಯಾರು ಮುಟ್ಟಬಹುದು ಎಂಬ ತಕರಾರು ಈಗ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಕರಾರು ಮಾಡಿಸುವಾಗಲೇ ಶುರುವಾಗುತ್ತದೆ.

1902ರಲ್ಲಿ ಬ್ರೂಕ್ಲಿನ್‌ನ ಮುದ್ರಣಾಲಯವೊಂದಕ್ಕೆ ವಿಲಿಸ್ ಕ್ಯಾರಿಯರ್ ರೂಪಿಸಿದ ಎಸಿ ಯಂತ್ರದಿಂದ ಹಿಡಿದು 1971ರಲ್ಲಿ ಇಂಟೆಲ್ 4004 ಎಂಬ ಮೈಕ್ರೊಪ್ರೊಸೆಸರ್ ಚಿಪ್ ಬರುವವರೆಗೆ, ಏಳು ದಶಕ ಎಸಿ ನಡೆಸುವ ಕೆಲಸ ಚಿಪ್ಪಿಲ್ಲದೆ ನಡೆಯಿತು. ನಮ್ಮ ಊರುಗಳ ಡಕ್ಟಬಲ್ ಎಸಿಗಳಲ್ಲಿ (ಕೊಳವೆಯಲ್ಲಿ ತಂಪು ಗಾಳಿ ಹರಿಸುವ ದೊಡ್ಡ ಎಸಿ) ರಿಲೇ, ಅಂದರೆ ವಿದ್ಯುತ್ತಿನಿಂದ ತಾನಾಗಿ ಬಡಿಯುವ ಸ್ವಿಚ್ಚಿನ ಕಾಲ 2000ದ ಆಚೆಗೂ ಉಳಿದಿತ್ತು.

ಆ ರಿಲೇ ಪ್ಯಾನೆಲ್ ಬಾಗಿಲು ತೆಗೆದರೆ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಥರ್ಮೋಸ್ಟಾಟ್, ಗ್ಯಾಸಿನ ಒತ್ತಡ ಅತಿಯಾದರೆ ಕಡಿಯುವ ಎಚ್‌ಪಿ ಸ್ವಿಚ್, ತೀರಾ ಇಳಿದರೆ ಕಡಿಯುವ ಎಲ್‌ಪಿ ಸ್ವಿಚ್, ಓವರ್‌ಲೋಡ್ ರಿಲೇ, ಟೈಮರ್ ಎಲ್ಲ ಸರಪಳಿಯಂತೆ ಒಂದರ ಹಿಂದೊಂದು. ಕೊನೆಗೆ ಕಂಪ್ರೆಸರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚಾದ ಕಂಟ್ಯಾಕ್ಟರಿನ ಕಾಯಿಲ್. ಸರಪಳಿಯ ಒಂದು ಕೊಂಡಿ ಬಿಟ್ಟುಕೊಂಡರೂ ಕಂಪ್ರೆಸರ್ ನಿಲ್ಲುತ್ತದೆ. ಮೆಕ್ಯಾನಿಕ್ ಟೆಸ್ಟ್ ಲ್ಯಾಂಪಿನ ಒಂದು ವೈರನ್ನು ನ್ಯೂಟ್ರಲ್‌ಗೆ ಹಿಡಿದು, ಇನ್ನೊಂದನ್ನು ಒಂದೊಂದೇ ಟರ್ಮಿನಲ್‌ಗೆ ಮುಟ್ಟಿಸುತ್ತಾ ಹೋಗುತ್ತಿದ್ದ. ಬಲ್ಬು ಎಲ್ಲಿ ಆರಿತೋ ದೋಷ ಅಲ್ಲಿ. ಎಷ್ಟೋ ಸಲ ಕಂಟ್ಯಾಕ್ಟರ್ ಪಾಯಿಂಟುಗಳ ನಡುವೆ ಇರುವೆ ಸತ್ತು ಬಿದ್ದಿರುವುದೇ ಕಾರಣವಾಗಿರುತ್ತಿತ್ತು. ಬಾಗಿಲ ಒಳಮೈಗೆ ಅಂಟಿಸಿದ ವೈರಿಂಗ್ ನಕ್ಷೆ ಓದಬಲ್ಲ ಯಾರಿಗಾದರೂ ಯಂತ್ರ ಅರ್ಥವಾಗುತ್ತಿತ್ತು. ಕೈಕೆಳಗಿನ ಹುಡುಗರು ಕೆಲಸ ಕಲಿತದ್ದೂ ಆ ನಕ್ಷೆಯಿಂದಲೇ.

ಹಾಗೆಂದು ಅದು ಸುಖದ ಕಾಲವೇನಲ್ಲ. ನಿಂತ ಕಂಪ್ರೆಸರಿನ ಎರಡೂ ಕಡೆಯ ಒತ್ತಡ ಸಮನಾಗಲು ಮೂರು ನಿಮಿಷವಾದರೂ ಬೇಕು. ಕರೆಂಟ್ ಹೋಗಿ ತಕ್ಷಣ ಬಂದಾಗ, ಅಷ್ಟು ಹೊತ್ತು ತಡೆಹಿಡಿಯಬೇಕಾದ ಟೈಮರ್ ಕೈಕೊಟ್ಟಿದ್ದರೆ ಮೋಟರ್ ತಿರುಗಲಾರದೆ ಹಲವು ಪಟ್ಟು ಕರೆಂಟ್ ಎಳೆದು ವೈಂಡಿಂಗ್ ಸುಡುತ್ತಿತ್ತು. ಮೂರು ಫೇಸಿನಲ್ಲಿ ಒಂದು ಹೋದರೂ ಅದೇ ಗತಿ. ಆಮೇಲೆ ಎರಡು ಸುರುಳಿಗಳ ನಡುವೆ ಗ್ಯಾಸ್ ಒತ್ತುವ ಸ್ಕ್ರಾಲ್ ಕಂಪ್ರೆಸರ್ ಬಂತು. ಹಳೆಯ ಪಿಸ್ಟನ್ ಕಂಪ್ರೆಸರ್ ಯಾವ ದಿಕ್ಕಿಗೆ ತಿರುಗಿದರೂ ಸಾಮಾನ್ಯವಾಗಿ ನಡೆಯುತ್ತಿತ್ತು. ಮೂರು ಫೇಸಿನ ಸ್ಕ್ರಾಲ್ ಉಲ್ಟಾ ತಿರುಗಿದರೆ ಗ್ಯಾಸ್ ಒತ್ತುವುದೇ ಇಲ್ಲ, ಬರೀ ಸದ್ದು ಮಾಡುತ್ತಾ ಬಿಸಿಯೇರುತ್ತದೆ. ಬೀದಿಯ ಟ್ರಾನ್ಸ್‌ಫಾರ್ಮರ್ ಬದಲಿಸುವಾಗ ಎರಡು ಫೇಸ್ ಅದಲುಬದಲಾದರೆ ಸಾಕು. ಇದನ್ನೆಲ್ಲ ಒಟ್ಟಿಗೆ ಕಾಯಲು ಬೋರ್ಡು ಬಂದದ್ದು ನ್ಯಾಯವೇ ಆಗಿತ್ತು.

1982ರಲ್ಲಿ ಜಪಾನಿನ ಡೈಕಿನ್ ವಿಆರ್‌ವಿ ತಂದಿತು: ಒಂದು ಔಟ್‌ಡೋರ್, ಹಲವು ಒಳಯಂತ್ರ. ಇನ್ವರ್ಟರಿನಿಂದ ಬದಲಾಗುವ ಕಂಪ್ರೆಸರ್ ವೇಗ, ಗ್ಯಾಸಿನ ಹರಿವನ್ನು ಹೆಚ್ಚುಕಡಿಮೆ ಮಾಡುವ ಸ್ಟೆಪ್ಪರ್ ಮೋಟರಿನ ಎಕ್ಸ್‌ಪಾನ್ಶನ್ ವಾಲ್ವ್ ಎರಡನ್ನೂ ಕ್ಷಣಕ್ಷಣಕ್ಕೆ ಹೊಂದಿಸುವುದು ರಿಲೇಯಿಂದ ಆಗದ ಕೆಲಸ. 1995ರ ಬ್ಯಾಕ್‌ನೆಟ್ ಮಾನದಂಡದಿಂದ ಬೇರೆ ಬೇರೆ ಕಂಪನಿಗಳ ಯಂತ್ರಗಳು ಕಟ್ಟಡದ ಕಂಪ್ಯೂಟರಿನೊಂದಿಗೆ ಮಾತಾಡುವ ದಾರಿ ತೆರೆಯಿತು. ಆದರೆ ತಾರಸಿಯಲ್ಲಿ ಪ್ಯಾನೆಲ್ ಬಿಚ್ಚಿ ಕೂತವನಿಗೆ ಬೋರ್ಡು ಹೇಳುವುದು ಕೆಂಪು ದೀಪದ ಮಿಣುಕುಗಳಲ್ಲಿ, ಇಲ್ಲವೇ ಎರಡಕ್ಷರದ ಕೋಡಿನಲ್ಲಿ. ಒಂದೊಂದು ಕಂಪನಿಯ ಕೋಡು ಒಂದೊಂದು ಥರ. ಪಟ್ಟಿ ಹಲವು ಕಡೆ ಸರ್ವಿಸ್ ಸೆಂಟರಿನಲ್ಲಿ. ಒಳಗಿನ ಸೆಟ್ಟಿಂಗಿಗೆ ಪಾಸ್‌ವರ್ಡ್.

ನಷ್ಟವಾಗುವುದು ಇಲ್ಲೇ. ಪೈಪಿಗೆ ಕಟ್ಟಿದ, ತಾಪ ಅಳೆಯುವ ಥರ್ಮಿಸ್ಟರಿನ ವೈರ್ ತುಂಡಾದರೂ ಬೋರ್ಡು ಯಂತ್ರ ನಿಲ್ಲಿಸಬಹುದು. ಸಾಮಾನ್ಯವಾಗಿ ಸಿಗುವ ಒಂದು ಬಗೆಯ ಥರ್ಮಿಸ್ಟರ್ 25 ಡಿಗ್ರಿಯಲ್ಲಿ 10 ಕಿಲೋ ಓಮ್ ತೋರಿಸಬೇಕು. ಮಲ್ಟಿಮೀಟರ್ ಇಟ್ಟರೆ ಎರಡು ನಿಮಿಷದ ಪರೀಕ್ಷೆ. ಕೋಡಿನ ಅರ್ಥ ಗೊತ್ತಿಲ್ಲದವನು ಬೋರ್ಡನ್ನೇ ಬದಲಿಸುತ್ತಾನೆ, ಎಸಿ ಮತ್ತೆ ನಿಲ್ಲುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಂಥ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಲ್ಲಿ ಸಿಗುವ ಬಿಡಿಭಾಗ ಹಾಕಿ, ಕಪ್ಪಾದ ರಿಲೇ, ಉಬ್ಬಿದ ಕೆಪ್ಯಾಸಿಟರ್ ಬದಲಿಸುವ ಕೈಗಳಿವೆ. ಅವರಿಗೆ ಸಿಗದಿರುವುದು ಬೋರ್ಡಿನೊಳಗಿನ ಸರ್ಕ್ಯೂಟ್ ನಕ್ಷೆ ಮಾತ್ರ. ಬಾಗಿಲ ಒಳಮೈಯ ನಕ್ಷೆ ಈಗಲೂ ಇದೆ. ಅದರಲ್ಲಿ ಬೋರ್ಡು ಒಂದು ಖಾಲಿ ಚೌಕ, ಸುತ್ತ ಟರ್ಮಿನಲ್ ಹೆಸರುಗಳು.

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗಾಗಿ ಸಮಿತಿ ರಚಿಸಿ, ಪೋರ್ಟಲ್ ತೆರೆಯಿತು. ಮೊದಲಿಗೆ ಆರಿಸಿದ್ದು ಕೃಷಿ ಯಂತ್ರ, ಮೊಬೈಲ್ ಮತ್ತು ಟ್ಯಾಬ್, ಗೃಹೋಪಯೋಗಿ ಉಪಕರಣ, ವಾಹನ. ಅಂಗಡಿ, ಆಸ್ಪತ್ರೆಗಳ ತಾರಸಿ ಮೇಲಿನ ದೊಡ್ಡ ಯಂತ್ರಗಳಿಗೆ ಆ ನಾಲ್ಕರಲ್ಲಿ ಪ್ರತ್ಯೇಕ ಹೆಸರಿಲ್ಲ. ಸದ್ಯಕ್ಕೆ ಮಾಲೀಕರ ಕೈಯಲ್ಲಿರುವುದು ಖರೀದಿಯ ಕರಾರು: ಕೋಡ್ ಪಟ್ಟಿ, ಸೆನ್ಸರ್ ಅಳತೆಗಳು, ಪಾಸ್‌ವರ್ಡ್ ಇವು ಯಂತ್ರದ ಜೊತೆಗೇ ಬರಬೇಕೆಂದು ಹಣ ಕೊಡುವ ಮುಂಚೆ ಬರೆಸಿಕೊಳ್ಳುವುದು.