ಆ ಜೆಲ್ಲನ್ನು ಓವನ್‌ನಲ್ಲಿ ಇಡಬೇಡಿ

ಕಳೆದ ತಿಂಗಳು ಇಬ್ಬರು ವಿದ್ಯಾರ್ಥಿಗಳು ಸಣ್ಣ ಡಬ್ಬಿ ಹಿಡಿದು ಬಂದರು. ಒಳಗೆ ಹಳದಿ ಬಣ್ಣದ ಗಟ್ಟಿ ಚೂರು. "ಮೇಡಂ, ಸೆಲ್ಯುಲೋಸ್ ಏರೋಜೆಲ್ ಮಾಡಿದ್ವಿ. ರಂಧ್ರಗಳೇ ಇಲ್ಲ. ದ್ರಾವಕ ಬದಲಿಸಬೇಕಾ?"

ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಏರೋಜೆಲ್ ಎಂದರೆ ಜೆಲ್‌ನ ದ್ರವ ಹೋಗಿ ಅದರ ಜಾಗದಲ್ಲಿ ಗಾಳಿ ತುಂಬಿದ, ರಂಧ್ರಗಳೇ ಹೆಚ್ಚಿರುವ ಹಗುರ ವಸ್ತು. ದ್ರಾವಕ ಸರಿಯಾಗಿಯೇ ಇತ್ತು. ಶೇ 7 ಕಾಸ್ಟಿಕ್ ಸೋಡಾ, ಶೇ 12 ಯೂರಿಯಾ, ಉಳಿದದ್ದು ನೀರು. ಮೈನಸ್ 12 ಡಿಗ್ರಿಗೆ ತಣಿಸಿ ಹತ್ತಿಯನ್ನು (ಅದು ಬಹುಪಾಲು ಸೆಲ್ಯುಲೋಸೇ) ಕರಗಿಸಿದ್ದರು. ಜೆಲ್ಲೂ ಚೆನ್ನಾಗಿ ಬಂದಿತ್ತು. ಆಮೇಲೆ ರಾತ್ರಿಯಿಡೀ 60 ಡಿಗ್ರಿ ಓವನ್‌ನಲ್ಲಿ ಇಟ್ಟರು. ಕೆಟ್ಟದ್ದು ಅಲ್ಲೇ.

ಅಕ್ಕಿ ಸಂಡಿಗೆ ನೆನಪಿಸಿಕೊಳ್ಳಿ. ಬಟ್ಟೆಯ ಮೇಲೆ ಹಾಕುವಾಗ ದಪ್ಪಗೆ, ಮೆತ್ತಗೆ ಇರುತ್ತದೆ. ಬಿಸಿಲಿಗೆ ಒಣಗಿದ ಮೇಲೆ ಮುರಿದರೆ ಚಟ್ ಎನ್ನುತ್ತದೆ. ಅದೂ ಪಿಷ್ಟದ ಜೆಲ್ಲೇ ಅಲ್ವಾ? ಎಣ್ಣೆಯಲ್ಲಿ ಅರಳುವುದು ಬೇರೆ ವಿಷಯ. ಒಳಗೆ ಉಳಿದ ತೇವ ಆವಿಯಾಗಿ ಉಬ್ಬಿಸುತ್ತದೆ.

ಜೆಲ್ ಎಂದರೆ ನೂಲಿನ ಬಲೆ, ಅದರ ತುಂಬ ನೀರು. ನೀರು ಆರುವಾಗ ಪ್ರತಿ ರಂಧ್ರದಲ್ಲೂ ಅದರ ಮೇಲ್ಮೈ ಬಾಗಿ ಗೋಡೆಗಳನ್ನು ಒಳಗೆ ಎಳೆಯುತ್ತದೆ. ಪೇಂಟ್ ಬ್ರಷ್ಷನ್ನು ನೀರಲ್ಲಿ ಅದ್ದಿ ನೋಡಿ. ಒಳಗೆ ಕೂದಲು ಬಿಡಿಬಿಡಿ. ಹೊರಗೆ ತೆಗೆದರೆ ಒಂದಕ್ಕೊಂದು ಅಂಟುತ್ತವೆ. ರಂಧ್ರ ಚಿಕ್ಕದಾದಷ್ಟೂ ಎಳೆತ ಜಾಸ್ತಿ. 10 ನ್ಯಾನೋಮೀಟರ್ ತ್ರಿಜ್ಯದ ರಂಧ್ರದಲ್ಲಿ ಅದು ವಾತಾವರಣದ ಒತ್ತಡದ ಸುಮಾರು 140 ಪಟ್ಟು. ಸೆಲ್ಯುಲೋಸ್ ಎಳೆಗಳು ಒಮ್ಮೆ ಅಂಟಿದರೆ ಮತ್ತೆ ನೀರು ಹಾಕಿದರೂ ಪೂರ್ತಿ ಬಿಡುವುದಿಲ್ಲ. "ಹಾಗಾದರೆ ಶಾಖ ಕಡಿಮೆ ಮಾಡ್ಲಾ?" ಎಂದು ಕೇಳುತ್ತಾರೆ. ನೆರಳಲ್ಲಿ ನಿಧಾನವಾಗಿ ಒಣಗಿಸಿದರೂ ನೀರು ಎಳೆಯುತ್ತದೆ, ಮಕ್ಕಳೇ. ತಪ್ಪು ಶಾಖದ್ದಲ್ಲ, ನೀರಿನ ಮೇಲ್ಮೈಯದು.

ಆ ಮೇಲ್ಮೈಯೇ ಇಲ್ಲದಂತೆ ಒಣಗಿಸಬೇಕು. ಏರೋಜೆಲ್ ಮೊದಲು ಮಾಡಿದ ಅಮೆರಿಕದ ವಿಜ್ಞಾನಿ ಕಿಸ್ಟ್ಲರ್ 1931ರಲ್ಲಿ ತೋರಿಸಿದ್ದು ಇದನ್ನೇ. ಈಗ ನಾವು ಇಂಗಾಲದ ಡೈಆಕ್ಸೈಡ್ ಬಳಸುತ್ತೇವೆ. 31 ಡಿಗ್ರಿ ಶಾಖ, 74 ಬಾರ್ ಒತ್ತಡ ದಾಟಿದರೆ ಅದರಲ್ಲಿ ದ್ರವ, ಅನಿಲ ಎಂಬ ಭೇದವೇ ಇರುವುದಿಲ್ಲ, ಎಳೆಯುವ ಮೇಲ್ಮೈಯೂ ಇಲ್ಲ. ಆದರೆ ನೀರು ಅದರಲ್ಲಿ ಸರಿಯಾಗಿ ಬೆರೆಯದು. ಹಾಗಾಗಿ ಮೊದಲು ಕ್ಷಾರ ಹೋಗುವಂತೆ ತೊಳೆದು, ನೀರಿನ ಜಾಗಕ್ಕೆ ಹಂತಹಂತವಾಗಿ, ಅದರಲ್ಲಿ ಬೆರೆಯುವ ಎಥನಾಲ್ ತುಂಬಬೇಕು. ಇಷ್ಟಾದರೂ ಸ್ವಲ್ಪ ಕುಗ್ಗಬಹುದು. ಎಷ್ಟು ಎಂಬುದು ನಿಮ್ಮ ಪಾಲಿಮರ್ (ಇಲ್ಲಿ ಸೆಲ್ಯುಲೋಸ್) ಮತ್ತು ಅದರ ಪ್ರಮಾಣದ ಮೇಲಿದೆ. ಹೆಪ್ಪುಗಟ್ಟಿಸಿ ಒಣಗಿಸಲೂಬಹುದು. ಆಗ ಮಂಜುಗಡ್ಡೆಯ ಹರಳುಗಳು ಬಲೆಯನ್ನು ತಳ್ಳಿ ದೊಡ್ಡ ರಂಧ್ರ ಮಾಡುತ್ತವೆ.

ಇನ್ನೊಂದು ಮಾತು. ಎಥನಾಲ್ ಜೆಲ್‌ನ ಗಾತ್ರಕ್ಕಿಂತ ಹಲವು ಪಟ್ಟು ಬೇಕಾಗುತ್ತದೆ. ಬಟ್ಟಿ ಇಳಿಸಿ ಮತ್ತೆ ಬಳಸಿ. ಅದನ್ನು ಸುಮ್ನೆ ಸಿಂಕ್‌ಗೆ ಸುರಿದರೆ ನಿಮ್ಮ ವರದಿಯಲ್ಲಿ 'ಹಸಿರು ದ್ರಾವಕ' ಎಂದು ಬರೆಯಲು ನಾನು ಒಪ್ಪುವುದಿಲ್ಲ.

ಆ ಇಬ್ಬರ ಎರಡನೇ ಜೆಲ್ ಈಗ ನನ್ನ ಮೇಜಿನ ಮೇಲೆ ಎಥನಾಲ್‌ನಲ್ಲಿ ಮುಳುಗಿದೆ. ನಾಳೆ ಬೆಳಗ್ಗೆ ಮೂರನೇ ಸಲ ಬದಲಿಸಲು ಬರುತ್ತಾರೆ.